ತಟ್ಟೆಯಡಿಯ ಹುಣಸೆ

ಭದ್ರಾವತಿ ಹಳೇನಗರದ ದಿನಸಿ ಅಂಗಡಿ ನನ್ನದು.
ಗಲ್ಲಾದ ಮೇಲೆ ಸಾಗುವಾನಿ ಶಿಲುಬೆ,
ಕೆಳಗೆ ತಕ್ಕಡಿ,
ತಟ್ಟೆಯಡಿ ಅಂಟಿಸಿದ ಒಂದುಂಡೆ ಹುಣಸೆ.
ಕಿಲೋಗೆ ನಲವತ್ತು ಗ್ರಾಂ. ಹದಿನೇಳು ವರ್ಷ.

ಭಾನುವಾರ ಎದ್ದು ಸಾಕ್ಷಿ ಹೇಳುತ್ತಿದ್ದೆ.
ಗಂಟಲು ಕಟ್ಟುತ್ತಿತ್ತು, ನಿಜವಾಗಿಯೂ.
ಮೈಕು ಹಿಡಿದ ಕೈಯಲ್ಲಿ ಜೀರಿಗೆಯ ವಾಸನೆ.

ಕೃಪಾವತಿ ಕೆಲಸಕ್ಕೆ ಸೇರಿ ಮೂರು ತಿಂಗಳು,
ದೀಕ್ಷಾಸ್ನಾನವಾಗಿಯೂ ಅಷ್ಟೇ.
ಪ್ರಾರ್ಥನೆ ಮಾಡು ಅಂದರೆ ತೊದಲುವಳು.
ಶುಭ ಶುಕ್ರವಾರದ ಹಿಂದಿನ ದಿನ
ತಕ್ಕಡಿ ತೊಳೆಯುತ್ತ ಕಂಡಳು,
ಉಗುರಲ್ಲಿ ಕೆರೆದು
ಕಾಗದದ ಮೇಲೆ ನನ್ನ ಮುಂದಿಟ್ಟಳು:
"ಅಣ್ಣ, ಇದು ಸಾರಿಗೂ ಆಗಲ್ಲ."

ಸಂಜೆ ತನ್ನ ಸಂಬಳದಲ್ಲಿ ಅಕ್ಕಿ ಕೊಂಡಳು
(ನನ್ನಿಂದಲೇ, ಸರಿತೂಕದಲ್ಲಿ),
ತಾನು ತೂಗಿಕೊಟ್ಟ ಮನೆಮನೆಗೂ ಹೊತ್ತಳು.
ಕದ್ದವನು ನಾನಲ್ಲವೇ ಅಂದೆ.
"ತೂಗಿದ ಕೈ ನಂದು."

ಈಸ್ಟರ್ ಬೆಳಿಗ್ಗೆ ಪಾಸ್ಟರು ನನ್ನ ಹೆಸರು ಕರೆದರು.
ಎದ್ದೆ.
ಸಾಕ್ಷಿ ಕಾಗದದಲ್ಲಿ ಒಣಗುತ್ತಿತ್ತು, ಅಂಗಡಿಯಲ್ಲಿ.
ಕೂತೆ.

ಉದ್ರಿ ಪುಸ್ತಕದ ಮೊದಲ ಹೆಸರು
ಜನ್ನಾಪುರದ ಖತೀಜಾಬಿ.
ಇದ್ದಾಳೋ ಇಲ್ಲವೋ.
ಇದ್ದರೆ ಬಾಗಿಲು ತೆಗೆದು ಏನು ಕೇಳುವಳೋ.
ಚೀಲದ ಬಾಯಿ ಕಟ್ಟುತ್ತಿದ್ದೇನೆ,
ಕೈ ನಡುಗಿ ಗಂಟು ನಿಲ್ಲುತ್ತಿಲ್ಲ.