ನೊಣ, ಕುದುರಿ

ಗುಲಬರ್ಗಾ ಇನ್ನೂ ಗುಲಬರ್ಗಾನೇ ಇತ್ತು ಆಗ.
ಅಪ್ಪನ ಎರಡೂ ಕಣ್ಣಿಗಿ ಪರದಿ ಇಳದಿತ್ತು,
ದಾಲ್ ಮಿಲ್ಲಿನ ಗೋದಾಮಿನ್ಯಾಗ ಹೆಗ್ಗಣ ಹೆಚ್ಚಾಗಿದ್ವು.
ಮಲ್ಕಣ್ಣ ಸಾಹುಕಾರ ಹದಿನಾಲ್ಕು ನೂರು ಎಣಿಸಿ ಕೊಟ್ಟ:
"ವಾಚ್‌ಮನ್ ಅಂದಮ್ಯಾಲ ಕೈಯಾಗ ಬರೇ ಬ್ಯಾಟರಿ ಇದ್ರ ಹೆಂಗೋ,
ಒಂದು ಛರ್ರಾ ಬಂದೂಕ ತಗೊಂಬಾ."

ಕಿರಾಣಾ ಬಜಾರಿನ ಹಿಂದಿನ ಓಣಿ.
ಛತ್ರಿ ರಿಪೇರಿ, ಸ್ಟೋವಿನ ಪಿನ್ನು,
ಅದರ ಮಗ್ಗಲಕ ಅಜ್ಮತ್ ಉಸ್ತಾದನ ಅಂಗಡಿ.
ಗ್ವಾಡಿಗಿ ಆರು ಬಂದೂಕ, ಒಂದು ನಿಂತ ಗಡಿಯಾರ.
ಅಪ್ಪ ರೇಟು ಕೇಳಿದ. ಉಸ್ತಾದ ರೇಟು ಹೇಳಲಿಲ್ಲ:
"ಯಾರ ಭುಜಕ್ಕ ಬೇಕ್ರಿ?
ನಿಮ್ಮ ಭುಜಕ್ಕೋ, ಬೇಟಿ ಭುಜಕ್ಕೋ?"

ಅಪ್ಪ ಸುಮ್ಮನಾದ.
ಮನ್ಯಾಗ ಯಾರೂ ಬಾಯಿಬಿಟ್ಟು ಆಡದ ಮಾತದು.
ಆರು ತಿಂಗಳಾತು, ರಾತ್ರಿ ಪಾಳಿ ನನ್ನದು.
ಹಾಜರಿ ಬುಕ್ಕಿನ್ಯಾಗ ಮಾತ್ರ ಅಪ್ಪನ ಹೆಬ್ಬೆಟ್ಟು.

"ಬೇಟೀದೇ" ಅಂದ ಕಡೀಕ,
ಯಾವುದೋ ಸಾಲ ಒಪ್ಪಿಕೊಂಡವರಂಗ.

ಉಸ್ತಾದ ಒಂದು ಇಳಿಸಿ, ನಳಿಗಿ ಮುರದು, ಕೂಡಿಸಿ, ನನ್ನ ಕೈಗಿ ಇಟ್ಟ.
"ನಿನ್ನ ಹೆಸರೇನವಾ? ಜಗದೇವಿ? ನೋಡು ಜಗದೇವಿ,
ತುದೀಗಿ ಕುಂತದಲ್ಲ, ಅದು ನೊಣ.
ಬೆರಳಿಗಿ ಸಿಗತದಲ್ಲ, ಅದು ಕುದುರಿ.
ನೊಣ ಕೂಡೋತನಕ ಕುದುರಿ ಬಿಡಬ್ಯಾಡ. ಅಷ್ಟೇ ವಿದ್ಯಾ.
ಖಾಲಿ ನಳಿಗಿ ಹೊಡೀಬ್ಯಾಡ, ಸ್ಪ್ರಿಂಗ್ ಸಾಯತದ.
ಶಹಾಬಾದ್ ಕಲ್ಲಿನ ಮುಂದ ನಿಶಾನಿ ಇಡಬ್ಯಾಡ,
ಹೊಡದದ್ದು ತಿರುಗಿ ಹೊಡದವರ ಕಣ್ಣು ಕೇಳತದ.
ಕೌಜುಗ, ಮೊಲ, ಅದರ ಆಸಿ ಇಟ್ಟುಕೊಬ್ಯಾಡ. ಜೇಲು.
ಹೆಗ್ಗಣ ನಿಂದು."

ಆಮ್ಯಾಲ ನಳಿಗಿ ಮ್ಯಾಲ ಒಂದು ತೊಗರಿ ಕಾಳು ಇಟ್ಟ.
ಉಸಿರು ತಗೊಂಡೆ, ಬಿದ್ದಿತು.
ಉಸಿರು ಬಿಟ್ಟೆ, ಬಿದ್ದಿತು.
ಭಾರೀ ಬಂದೂಕ ಕೊಟ್ಟ, ಎತ್ತೂ ಮೊದಲೇ ಬಿದ್ದಿತು.
ಹಗೂರದ್ದು ಕೊಟ್ಟ. ಕಾಳು ನಿಂತಿತು,
ಹೊರಗ ಒಂದು ತೊಂಗಾ ಪೂರಾ ಓಣಿ ದಾಟೋತನಕ ನಿಂತಿತು.

ಹಗೂರದ್ದು ಎರಡು ಇದ್ವು. ಒಂದು ಸಣ್ಣ ಬಾಯೀದು,
ಒಂದು ಟೂ ಟೂ.
"ಸಣ್ಣದು ತಗೋ. ಮೊದಲ ವರ್ಷ ಕಾಗದಕ್ಕ ಹೊಡಿ,
ಜೀವಕ್ಕ ಆಮ್ಯಾಲ" ಅಂದ ಉಸ್ತಾದ.
ಅಪ್ಪ ಎರಡೂ ನಳಿಗಿ ತುದಿ
ಹೆಬ್ಬೆರಳಿಲೆ ಸವರಿ ಸವರಿ ನೋಡಿದ.
"ಇದು ದೊಡ್ಡದು" ಅಂದ. ಮುಖ ಅರಳಿತ್ತು.
ಇನ್ನೇನು ನೋಡಿ ಆರಿಸಬೇಕು ಅಂವ?
ನಾ ಹೂಂ ಅಂದೆ.

ಆ ರಾತ್ರಿ ಎರಡರ ಸುಮಾರು
ಚೀಲದ ಥಪ್ಪಿ ಮ್ಯಾಲ ಹೆಗ್ಗಣ ಬಂದು ಕುಂತಿತು,
ಸಾಹುಕಾರನ ಹಂಗ ಮೀಸಿ ತೀಡಿಕೋತ.
ನೊಣ ಕುಂತಿತು. ಹೆಗ್ಗಣದ ಎದಿ ಮ್ಯಾಲೇ ಕುಂತಿತು.
ಕುದುರಿ ಬಿಟ್ಟೆ.

ಮೊದಲು ಏನೂ ಕೇಳಲಿಲ್ಲ.
ಆಮ್ಯಾಲ ಸಣ್ಣಗ, ಮಳಿ ಅಲ್ಲ, ಮರಳ ಅಲ್ಲ,
ಸರ್‍ರ್ ಅಂತ ಬ್ಯಾಳಿ.
ಚೀಲಕ್ಕ ದುಂಡನ್ನ ತೂತು, ಬ್ಯಾಳಿಗಿ ಅಳತಿ ಕೊಟ್ಟು ಮಾಡಿಸಿದಂಗ.
ಓಡಿ ಹೋಗಿ ಹೆಬ್ಬೆರಳು ಇಟ್ಟೆ.
ಬೆರಳು ತೆಗದ್ರ ಸುರೀತದ, ತೆಗೀದಿದ್ರ ದಬ್ಬಣ ಸಿಗೂದಿಲ್ಲ.
ಬಂದೂಕ ದೂರ ಬಿದ್ದದ.
ಹೆಗ್ಗಣ ಕೆಳಗಿಳದು ಬಂದು
ನನ್ನ ಕಾಲ ಬುಡಕ, ಹೆದರಿಕಿಲ್ಲ, ತಿನ್ಲಾಕತ್ತಿತು.

ನಸುಕಿನ್ಯಾಗ ಅಪ್ಪ ಚಾದ ಕಿಟ್ಲಿ ಹಿಡಕೊಂಡು ಬಂದ,
ಬಾಗಿಲದಾಗ ನಿಂತ, ತಲಿ ವಾರಿ ಮಾಡಿ ಕೇಳಿದ.
ನನ್ನ ಬೆರಳು ಸೋತು, ಒಂದೊಂದೇ ಕಾಳು ಜಾರ್ತಿದ್ವು.
"ಯಾವ ಚೀಲ?" ಅಂದ, ಬೈಲಿಲ್ಲ.
ತಡವರಿಸಿಕೋತ ಬಂದು, ನನ್ನ ಬೆರಳು ಸರಿಸಿ
ತಂದು ಇಟ್ಟ.
"ಹೋಗು, ದಬ್ಬಣ ತಾ."

ಮುಂದಿನ ವಾರ ಛರ್ರಾ ತರಲಾಕ ಹೋದಾಗ
ಉಸ್ತಾದ ಕತಿ ಕೇಳಿ ಕೆಮ್ಮು ಬರೋಹಂಗ ನಕ್ಕ.
"ಸಣ್ಣ ನಳಿಗೀದಾದ್ರ ಬ್ಯಾಳಿ ತೂತಿನ್ಯಾಗೇ
ಸಿಕ್ಕಿ ನಿಲ್ತಿತ್ತಲ್ಲವಾ!"
ಬದಲಿ ಮಾಡಿ ಕೊಡ್ತೀನಿ ಅಂದ, ರೊಕ್ಕ ಬ್ಯಾಡ ಅಂದ.

ಬ್ಯಾಡ ಅಂದೆ ನಾನೂ.
ಮಿಲ್ಲಿನ ಹಿಂದ ಹೊಟ್ಟಿನ ಗುಡ್ಡಿ ಅದ,
ಅದರ ಮುಂದ ಎಣ್ಣಿ ಡಬ್ಬಿ ಮುಚ್ಚಳ ಕಟ್ಟೀನಿ.
ಹೊಡದ ಮ್ಯಾಲ ತಂದು ಅಪ್ಪನ ಕೈಗಿ ಕೊಡ್ತೀನಿ.
ಹೆಬ್ಬೆರಳಿಲೆ ಸವರ್ತಾನ,
ನಡುವಿಂದ ಎಷ್ಟು ದೂರ ಅಂತ ಹೇಳ್ತಾನ.