ಮೊದಲ ಆಯ್ಕೆ

ಗೈಬುಸಾಬನ ಕಂಪ್ಯೂಟರ್ ಅಂಗಡಿಯಾಗ ನಾಕ ಕುರ್ಚಿ.
ಬೆನ್ನಿಗಿ ಭದ್ರನವರ ಮಗ್ಗದ ಶೆಡ್ಡು,
ಇಪ್ಪತ್ತು ಪಾವರಲೂಮು ಒಮ್ಮೆಗೇ ಹೊಡಕೊಂತಾವ.
ಮೇಜಿನ ಮ್ಯಾಲಿನ ಮೌಸು
ಯಾರೂ ಮುಟ್ಟದ ತಾನಽ ಸರೀತೈತಿ.

"ಹೇಳವಾ, ಮೊದಲ ಆಯ್ಕೆ ಏನು?"
ಅಂತ ಒದರಿದ.
ಬನಹಟ್ಟಿಯಾಗ ಯಾರೂ ಮಾತಾಡೂದಿಲ್ಲ, ಒದರತೀವಿ.
ಹೆಣ್ಣು ಕೇಳೂದನ್ನೂ, ಸತ್ತ ಸುದ್ದಿನ್ನೂ.
ಗುಟ್ಟು ಇದ್ರ ಅಮಾಸಿತನಕ ತಡೀಬೇಕು,
ಮಗ್ಗ ನಿಂತ ಮ್ಯಾಲ ಹೇಳಬೇಕು.

ಅಂಕಪಟ್ಟಿ ತೊಡಿ ಮ್ಯಾಲ, ಪ್ಲಾಸ್ಟಿಕ್ ಚೀಲದಾಗ.
ಜೀವಶಾಸ್ತ್ರ ತೊಂಬತ್ತೊಂದು. ಫಿಜಿಕ್ಸ್ ಕೇಳಬ್ಯಾಡ್ರಿ.
ನೀಟ್ ಬರದಿದ್ದೆ; ರಬಕವಿ, ಬನಹಟ್ಟಿ
ಎರಡೂ ಊರಿನ ಮಂದಿನ್ನ ಸಾಲಾಗಿ ನಿಲ್ಲಿಸಿದ್ರೂ
ನನ್ನ ರ್‍ಯಾಂಕು ಆ ಸಾಲಿನ ಹಿಂದ.
ಡಾಕ್ಟರ್ ಅನ್ನೂ ಶಬ್ದ ಅವತ್ತಽ ಮಡಚಿ
ಅವ್ವನ ಟ್ರಂಕಿನಾಗ ಇಟ್ಟೇವಿ,
ನುಸಿಗುಳಿಗಿ ಹಾಕಿ.

ಆಮ್ಯಾಲ ಎಲ್ಲಾರ ಬಾಯಾಗೂ ಒಂದೊಂದು ಕೋರ್ಸು.
ಕುಂಬಾರ ಸರ್ ಅಂದ್ರು: ಬಿ.ಫಾರ್ಮ್ ಮಾಡು,
ಬಸ್‌ಸ್ಟ್ಯಾಂಡ್ ಮುಂದ ಅಂಗಡಿ ಹಾಕು,
ಮಂದಿ ಬ್ಯಾನಿನಽ ನಿನ್ನ ಬಾಡಗಿ ಕಟ್ಟತೈತಿ.
ಅತ್ತಿ ಅಂದ್ಲು: ನರ್ಸಿಂಗ್ ಬ್ಯಾಡ,
ರಾತ್ರಿ ಪಾಳಿಯ ಹುಡಿಗ್ಗಿ ಹಗಲಿನ ಗಂಡ ಸಿಗೂದಿಲ್ಲ.
ಬೆಳಗಾವಿಯಾಗ ನರ್ಸಿಂಗ್ ಮೂರನೇ ವರ್ಷದ ದಾನಮ್ಮಕ್ಕ
ಫೋನಿನಾಗ ನಕ್ಕಳು: ಬರೂದಿದ್ರ ಬಾ,
ಬಿಳಿ ಬೂಟು ಎರಡು ಜೋಡಿ ತಾ.
ಸೇವಾ, ತ್ಯಾಗ ಎಲ್ಲಾರೂ ಹೇಳತಾರ,
ಹಿಮ್ಮಡಿ ಸುದ್ದಿ ಯಾರೂ ಹೇಳೂದಿಲ್ಲ.

ನಾ ಯಾರಿಗೂ ಹೇಳದ್ದು ಒಂದೈತಿ.

ಹ್ವಾದ ಚಳಿಗಾಲ ಅಪ್ಪನ್ನ ಬೆಳಗಾವಿಗಿ ಒಯ್ದಿದ್ದೆ.
ದೊಡ್ಡ ದವಾಖಾನಿ, ಕೆಳಗಿನ ಮಜಲಿ,
ಗೋಡಿಗೆಲ್ಲಾ ಸ್ಪಂಜು ಬಡದ ಒಂದು ಸಣ್ಣ ಖೋಲಿ.
ಬಾಗಲಾ ಹಾಕಿದ್ರು.
ಹುಟ್ಟಿ ಹದಿನೆಂಟು ವರ್ಷಕ್ಕ
ನಾ ಉಗುಳು ನುಂಗಿದ ಸಪ್ಪಳ ನನಗ ಕೇಳಿತು.

ಆ ಮೇಡಂ ಅಪ್ಪನ ತಲಿಗಿ ಹೆಡ್‌ಫೋನ್ ಹಾಕಿ
ಕೈಯಾಗ ಗುಂಡಿ ಕೊಟ್ಟು, ಬರದು ತೋರಿಸಿದ್ರು:
ಕೇಳಿದ ಕೂಡ್ಲೆ ಒತ್ರಿ.
ನಾವು ಗಾಜಿನ ಈಚೀಕಡೆ.
ಅಪ್ಪ ಹೆಬ್ಬಟ್ಟು ಎತ್ತಿ ಕುಂತ,
ಪರೀಕ್ಷಾಕ್ಕ ಕುಂತ ಹುಡುಗನಂಗ ನೆಟ್ಟಗ.
ಮೇಡಂ ಸಪ್ಪಳ ಏರಿಸಿದ್ರು. ಮತ್ತ ಏರಿಸಿದ್ರು.
ಅಪ್ಪ ನನ್ನ ಕಡೆ ನೋಡಿ ನಕ್ಕ,
ಒಳಗಿಂದಽ ಒದರಿದ:
"ಇನ್ನಾ ಚಾಲೂ ಮಾಡಿಲ್ಲೇನು?"

ಹಾಳಿ ಮ್ಯಾಲ ಗೆರಿ
ಬಾಂವಿಗಿ ಇಳದಂಗ ಇಳದಿತ್ತು.
ನಾಕ ಸಾವಿರ ಅಂತ ಬರದಲ್ಲೆ ಮೇಡಂ ಬಟ್ಟಿಟ್ಟು
"ಮೂವತ್ತು ವರ್ಷದ ಮಗ್ಗ, ಇಲ್ಲೈತಿ ನೋಡು" ಅಂದ್ರು.
ನಾ ನೋಡಿದ್ದು ಗೆರಿ ಅಲ್ಲ.
ಅವರ ಬಟ್ಟು.
ಎಲ್ಲೆ ಇಡಬೇಕು ಅಂತ ಅದಕ್ಕ ಗೊತ್ತಿತ್ತು.

"ಬಿ.ಎ.ಎಸ್.ಎಲ್.ಪಿ." ಅಂದೆ.
ಗೈಬುಸಾಬ ಕನ್ನಡಕ ಸರಿಸಿದ.
"ಸೈನ್ಸ್ ಓದಿ ಬಿ.ಎ.ಕ್ಕ ಹೊಂಟಿಯೇನು?"
"ಬಿ.ಎ. ಅಲ್ಲೋ ಕಾಕಾ, ಕಿವಿ! ಮಾತು! ಅದರ ಓದು!"
ಮಗ್ಗದ ಮ್ಯಾಲ ಹಾಯಿಸಿ ಒದರಿದೆ.
ಪಟ್ಟಿ ಕೆಳತನಕ ಎಳದ, ಎಳದ, ಹುಡುಕಿದ.
ಎರಡನೇ ಆಯ್ಕೆಗೆ ನರ್ಸಿಂಗ್ ಹಾಕಿಸಿದೆ,
ಬೂಟಿನ ರೊಕ್ಕ ಮನಸಿನಾಗಽ ಎಣಿಸಿ.

ಸಂಜಿಮುಂದ ಅಪ್ಪ ಶೆಡ್ಡಿನಿಂದ ಬಂದ,
ಮೀಸಿ ಮ್ಯಾಲ ಹತ್ತಿ ಧೂಳು.
"ಏನ ಬರಿಸಿದಿ?"
"ಕಿವಿ."
"ಕವಿ?"
ಅಂವ ನಕ್ಕ ನಗಿಗೆ ತಾಟು ಅಲುಗಿತು.
"ಕವಿ ಆಗಿ ಹೊಟ್ಟಿಗಿ ಏನ ತಿಂತಿ ತಂಗಿ?"

ಮತ್ತೊಮ್ಮೆ ಹೇಳಲಿಲ್ಲ.
ಎದ್ದು ಹೋಗಿ
ಅಂವನ ಕಿವಿ ಮ್ಯಾಲ ಬಟ್ಟಿಟ್ಟೆ.
ನಗು ನಿಂತಿತು. ರೊಟ್ಟಿ ಮುರಿಯೂ ಕೈನೂ.

ಆಗ ಕರೆಂಟು ಹೋತು.
ಓಣಿಯ ಅಷ್ಟೂ ಮಗ್ಗ ಗಪ್ಪ.
ಮೂರು ಮನಿ ಆಚೀಗಿ ಕೂಸು ಆಕಳಿಸಿದ್ದೂ ಕೇಳಬೇಕು, ಅಷ್ಟು ಗಪ್ಪ.
ಅಪ್ಪಗ ಅದು ಗೊತ್ತಾಗಲಿಲ್ಲ.
ಮಗ್ಗ ಇನ್ನೂ ಓಡಾಕತ್ತಾವ ಅಂತ ತಿಳದು
ನನ್ನ ಕಿವಿಗಿ ಬಗ್ಗಿ, ಗುಟ್ಟು ಕೇಳಿದಂಗ ಕೇಳಿದ:
"ಫೀ ಎಷ್ಟೈತಿ?"

ಇಡೀ ಓಣಿಗಿ ಕೇಳಿತು.