ಸ್ವಂತ ಕೆಲಸ

ರಜೆ ಅರ್ಜಿಯ ಕಾರಣದ ಖಾನೆಯಲ್ಲಿ
'ಸ್ವಂತ ಕೆಲಸ' ಅಂತ ಬರೆದೆ.
ಡಿಪೋದ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ
'ಮದುವೆಯಾ, ಸಾವಾ?' ಅಂದ.
ಬೆಟ್ಟ ಅಂದಿದ್ದರೆ ಸಹಿ ಬೀಳುತ್ತಿರಲಿಲ್ಲ.

ಹನ್ನೊಂದು ವರ್ಷ, ದಿನಕ್ಕೆರಡು ಸಲ,
ಪಾವಗಡ ಬಿಟ್ಟು ಎಂಟನೇ ಸ್ಟಾಪು ದಾಟಿದ ಮೇಲೆ
ಎಡಗಡೆ ಕಿಟಕಿಯ ತುಂಬ ಬಂದು ಹೋಗುವ ಬಂಡೆ.
ನೋಡೋಣ ಅನ್ನುವಷ್ಟರಲ್ಲಿ ಯಾರೋ
ಐನೂರರ ನೋಟು ಚಾಚುತ್ತಾರೆ.
ಚಿಲ್ಲರೆ ಹುಡುಕಿ ತಲೆಯೆತ್ತಿದರೆ
ಬೆಟ್ಟ ಇಳಿದುಹೋಗಿರುತ್ತದೆ
ಟಿಕೆಟಿಲ್ಲದ ಪ್ರಯಾಣಿಕನ ಹಾಗೆ.

ಈ ಸಲ ನಾನೇ ಇಳಿದೆ.
ಓಬಳೇಶ ಸ್ಟೇರಿಂಗ್ ಮೇಲೆ ಮೊಣಕೈಯಿಟ್ಟು
'ಜೊತೆಗೆ ಯಾರು, ಕದಿರಮ್ಮ?' ಅಂದ.
ಚೀಲ ತೋರಿಸಿದೆ:
ಆರು ಲೀಟರ್ ನೀರು, ನಾಲ್ಕು ರೊಟ್ಟಿ, ಹುಚ್ಚೆಳ್ಳು ಪುಡಿ,
ಒಂದು ಸೇರು ಕಡಲೆಕಾಯಿ,
ಮಗಳ ಕಾಲೇಜಿನ ಎನ್‌ಸಿಸಿಯವರಿಂದ ಕೇಳಿ ತಂದ ಟೆಂಟು,
ಅದಕ್ಕೆ ಒಂದು ಗೂಟ ಕಮ್ಮಿ.
ತಲೆಯಾಡಿಸಿದ. ಬಸ್ಸು ಹೋಯಿತು.
ಧೂಳು ಮಾತ್ರ ಸ್ವಲ್ಪ ಹೊತ್ತು ನನ್ನ ಜೊತೆ ನಿಂತಿತ್ತು.

ತಂಗಡಿ ಹೂವಿನ ಹಳದಿ ಮುಗಿದಲ್ಲಿಗೆ
ದಾರಿಯೂ ಮುಗಿಯಿತು.
ಮುಂದೆ ಬರೀ ಹಾಸುಬಂಡೆ, ಮಧ್ಯಾಹ್ನದ ಹೆಂಚು.
ಊರಿದರೆ ಕೈ ಬೇಯುತ್ತದೆ, ಊರದಿದ್ದರೆ ಕಾಲು ಜಾರುತ್ತದೆ.
ಏನನ್ನೂ ಹಿಡಿಯದೆ ನಿಲ್ಲುವುದು ನನಗೆ ಗೊತ್ತು,
ಘಾಟಿಯ ತಿರುವಿನಲ್ಲೂ
ಒಂದು ಕೈಯಲ್ಲಿ ಮೆಷಿನ್ನು, ಇನ್ನೊಂದರಲ್ಲಿ ನೋಟು.
ಅಲುಗದೇ ಇರುವ ಇದರ ಮೇಲೆ ನಿಲ್ಲುವುದು
ಯಾಕಿಷ್ಟು ಕಷ್ಟ?

ದೊಣೆಯೊಂದರಲ್ಲಿ ತಟ್ಟೆಯಗಲ ನೀರಿತ್ತು.
ಅದರೊಳಗೆ ಆಕಾಶ, ಒಂದು ಸತ್ತ ಜೇಡ,
ಟೋಪಿ ಹಾಕಿದ ಯಾರೋ ಹೆಂಗಸು.
ನನಗಿಂತ ವಯಸ್ಸಾದವಳು.
ಮಾತಾಡಿಸಲಿಲ್ಲ.

ಇಲ್ಲಿ ಕತ್ತಲು ಏರುವುದು ಕೆಳಗಿಂದ:
ಮೊದಲು ರಸ್ತೆ, ಆಮೇಲೆ ಕಳ್ಳಿ,
ಆಮೇಲೆ ನನ್ನ ಮೊಣಕಾಲು.
ಬಂಡೆಯ ಮೇಲೆ ಗೋಲಿ ಬಿದ್ದು ಪುಟಿದ ಹಾಗೆ
ನತ್ತಿಂಗ ಕೂಗಿತು.
ಮೂರು ಗೂಟದ ಟೆಂಟು ನಮ್ಮ ಬಸ್ಸಿನಂತೆಯೇ
ಒಂದು ಕಡೆಗೆ ವಾಲಿತ್ತು.
ಕಿವಿಯಲ್ಲಿನ್ನೂ 'ಒಳಗೆ ನಡೀರಿ, ಒಳಗೆ ನಡೀರಿ',
ನನ್ನದೇ ದನಿ. ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು.
ನಿಂತ ಮೇಲೆ ಹೆದರಿಕೆಯಾಯಿತು.

ಎಷ್ಟು ಗಂಟೆಯೋ. ಸೀತಾಫಲದ ಗಿಡಗಳ ಕಡೆಯಿಂದ
ಉಸಿರು. ದಪ್ಪ, ಒದ್ದೆ, ಅವಸರವಿಲ್ಲದ್ದು.
ಟಾರ್ಚು ಹಾಕಿದರೆ ಕರಡಿ,
ಕಂಬಳಿ ಹೊದ್ದು ಮೊದಲ ಬಸ್ಸಿಗೆ ಬಂದ ಮುದುಕನ ಹಾಗೆ.
ಕೂಗಲು ಗಂಟಲಿರಲಿಲ್ಲ.
ಕೈ ತಾನಾಗಿ ಕೊರಳ ಸೀಟಿಗೆ ಹೋಯಿತು.
ಊದಿದೆ. ಒಂದೇ ಸಲ.
ಅಯ್ಯೋ, ಒಂದು ಅಂದರೆ ನಿಲ್ಲಿಸು ಅಂತಲ್ಲವೇ!
ಅದು ನಿಂತಿತು.
ಇಬ್ಬರೂ ನಿಂತೆವು.
ಇಷ್ಟು ವರ್ಷದ ಸರ್ವಿಸಿನಲ್ಲಿ
ನನ್ನ ಮಾತನ್ನು ಯಾರೂ ಅಷ್ಟು ಸರಿಯಾಗಿ ಕೇಳಿದ್ದಿಲ್ಲ.
ಆಮೇಲೆ ಎರಡು ಸಲ ಊದಿದೆ, ಮೆಲ್ಲಗೆ.
ಬಾಯಲ್ಲಿದ್ದ ಹಣ್ಣಿನ ಸಮೇತ ಹೊರಟುಹೋಯಿತು,
ಚಿಲ್ಲರೆ ಕೇಳದೆ.

ಬೆಳಗ್ಗೆ ಎದ್ದರೆ ತಿರುಮಣಿ ಕಡೆ ಕೆರೆ.
ಎರಡು ಕಣ್ಣಿಗೂ ಸಾಲದಷ್ಟು ನೀಲಿ, ಒಂದೂ ಅಲೆಯಿಲ್ಲ.
ಗುಟುಕು ನೀರು ಕುಡಿದು ಮತ್ತೆ ನೋಡಿದೆ:
ಸೋಲಾರ್ ಗಾಜು.
ರಸ್ತೆಯಿಂದ ನೋಡಿದರೆ ಅದು ಬರೀ ತಂತಿಬೇಲಿ.
ತಲೆಯ ಮೇಲಿಂದ ಮೂರು ಕೊಕ್ಕರೆ ಅತ್ತ ಹಾರಿದವು.
ಹೇಳೋಣ ಅನ್ನಿಸಿತು.
ನಂಬಿದವಳು ನಾನೂ ಅಲ್ಲವೇ, ಸುಮ್ಮನಾದೆ.

ಏಳು ಹತ್ತಕ್ಕೆ ನಮ್ಮ ಬಸ್ಸು, ಬೆಂಕಿಪೊಟ್ಟಣದಷ್ಟು.
ಬೇವಿನ ಮರದ ಹತ್ತಿರ ನಿಂತಿತು.
ಬದಲಿ ಹುಡುಗ ತಡ ಮಾಡುತ್ತಿದ್ದಾನೆ,
ಬಾಗಿಲಲ್ಲೇ ಗುಂಪು ಕಟ್ಟಿರಬೇಕು.
ಇಲ್ಲಿಂದಲೇ ಬಾಯಿಗೆ ಬಂತು, 'ರೈಟ್, ರೈಟ್!'
ಬಸ್ಸು ಹೊರಡಲಿಲ್ಲ.

ಇನ್ನೂ ಅರ್ಧ ದಿನದ ರಜೆಯಿತ್ತು.
ಕಡಲೆಕಾಯಿ ಸುಲಿಯುತ್ತ ಕೂತೆ.
ಸೀಟಿನಡಿ ಸಿಪ್ಪೆ ಚೆಲ್ಲುವವರನ್ನು ಬಯ್ಯುವ ಬಾಯಿ ನನ್ನದು;
ಇಲ್ಲಿ ಕೇಳುವವರಿಲ್ಲ.
ಆದರೂ ಒಂದೊಂದನ್ನೇ
ಟೋಪಿಯೊಳಗೆ ಹಾಕಿಕೊಳ್ಳುತ್ತಿದ್ದೆ.